ಬಸ್ಸು ಹತ್ತಿಸಿದ ಮೇಲೆ

ಅವ್ವ ತೀರಿದ ಮೇಲೆ ಅಪ್ಪನನ್ನು ಬೀದರಿನಿಂದ ಲಿಂಗಂಪಲ್ಲಿಗೆ ಕರೆತಂದಿದ್ದೆ. ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ‘ತಮ್ಮಾ, ಊರಿಗಿ ಹೋಗ್ತೀನಿ. ಇಲ್ಲಿ ಮಾತಾಡ್ಲಿಕ್ಕೆ ಯಾರೂ ಇಲ್ಲ’ ಅಂದರು. ಎಂಬತ್ತರ ಜೀವ, ಸಕ್ಕರೆ ಕಾಯಿಲೆ, ಒಂಟಿ ಮನೆ.

ವಾರವಿಡೀ ಲೆಕ್ಕ ಹಾಕಿದೆ. ಆಮೇಲೆ ಹೊಳೆಯಿತು: ನಾನು ಹುಡುಕುತ್ತಿದ್ದುದು ಅಪ್ಪನ ಸುಖವನ್ನಲ್ಲ, ನಾಳೆ ಯಾರೂ ನನ್ನತ್ತ ಬೊಟ್ಟು ಮಾಡದಂಥ ನಿರ್ಧಾರವನ್ನು. ಅಂಥದ್ದೊಂದು ಇರಲೇ ಇಲ್ಲ. ಜಾರಿ ಬೀಳುವುದಾದರೆ ಇಲ್ಲಿನ ಬಚ್ಚಲಲ್ಲೂ ಬೀಳಬಹುದಿತ್ತು. (ಫಲ ಬಯಸಬೇಡ ಎಂಬ ಗೀತೆಯ ಮಾತನ್ನು ಪರೀಕ್ಷೆಗೆ ಹೋಗುವ ಮಕ್ಕಳಿಗೆ ಹೇಳುವುದು ಎಷ್ಟು ಸಲೀಸು!) 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಬೀದರ್ ಮೈಸೂರಿಗೆ ಸೇರಿತು. ಆಗ ಉರ್ದುವಿನಲ್ಲಿ ಓದಿದ್ದ ನಮ್ಮಜ್ಜ ಇಲ್ಲಿನ ನೌಕರಿ ಬಿಟ್ಟು ಊರಿಗೆ ಹೊರಟಿದ್ದರು. ಅದು ಸರಿಯಾಯಿತೇ ಎಂದು ಕೇಳಿದರೆ ಅಪ್ಪ, ‘ಹೋದ್ವಿ, ಬದುಕಿದ್ವಿ’ ಅನ್ನುತ್ತಿದ್ದರು, ಅಷ್ಟೇ.

ಮಾತ್ರೆ ಡಬ್ಬಿ ಜೋಡಿಸಿದೆ, ಪಕ್ಕದ ಮನೆಯ ಕಾಕುಗೆ ಒಂದು ಬೀಗದ ಕೈ ಕೊಡಲು ಹೇಳಿದೆ, ಜಹೀರಾಬಾದ್ ಮೇಲೆ ಹೋಗುವ ಬಸ್ಸು ಹತ್ತಿಸಿದೆ.

ಮುಂದಿನ ಮಳೆಗಾಲದಲ್ಲಿ ಅಪ್ಪ ಅಂಗಳದಲ್ಲಿ ಜಾರಿ ಸೊಂಟದ ಎಲುಬು ಮುರಿಯಿತು. ‘ನಾ ಬ್ಯಾಡ ಅಂದಿದ್ನಲ್ಲ ಅಣ್ಣಾ’ ಎಂದು ತಂಗಿ ಅತ್ತಳು. ನನ್ನಲ್ಲಿ ಉತ್ತರ ಇರಲಿಲ್ಲ. ಒಳಗೆ ಅಪ್ಪನ ಹಾಸಿಗೆಯ ಸುತ್ತ ಓಣಿಯ ಐದಾರು ಮಂದಿ ಕೂತು ಹರಟುತ್ತಿದ್ದರು.