ಕಸಬರಿಗೆ ಯಾರ ಕೈಯಾಗ?

ಮಾಸ್ತರರಿಗೆ ಈಗ ತರಬೇತಿಗಳು ಬಹಳ. ಅವುಗಳಲ್ಲಿ ಒಂದು, ಸಾಲಿಯನ್ನು ಆರೋಗ್ಯವಾಗಿ, ಪರಿಸರಕ್ಕೆ ಹೊಂದಿಕೊಂಡು ನಡೆಸುವುದು ಹೇಗೆ ಎಂಬುದು. ಕೈ ತೊಳೆಯುವ ಕ್ರಮ, ಕೈತೋಟ, ಗೊಬ್ಬರದ ಗುಂಡಿ, ಮಳೆನೀರು ಕೊಯ್ಲು, ಇಕೋ ಕ್ಲಬ್ಬು, ಪ್ಲಾಸ್ಟಿಕ್ ಬೇಡವೆಂಬ ಪ್ರತಿಜ್ಞೆ. ಒಂದೂ ಕೆಟ್ಟದ್ದಲ್ಲ. ಪರಿಸರದ ಪಾಠ ಎಲ್ಲ ಮಕ್ಕಳಿಗೂ ಸಿಗಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತು. ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ‘ಪರಿಸರ ಮಿತ್ರ ಶಾಲೆ’ ಎಂಬ ಪ್ರಶಸ್ತಿಯನ್ನೂ ಇಟ್ಟಿತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಸಾಲಿಗಳ ಗೋಡೆ ಮೇಲೂ ಗಿಡ, ಹಕ್ಕಿ, ನೀರಿನ ಹನಿಯ ಚಿತ್ರಗಳಿವೆ. ನನ್ನ ಪ್ರಶ್ನೆ ಆ ಗೋಡೆಯ ಹಿಂದಿನದು. ಸಾಲಿ ಸ್ವಚ್ಛ ಐತಿ, ಸರಿ. ಯಾರ ಕೈಯಿಂದ ಸ್ವಚ್ಛವಾಯಿತು?

ಹಳ್ಳಿಯ ಪ್ರಾಥಮಿಕ ಸಾಲಿಗಳಲ್ಲಿ ಬಹುಪಾಲು ಕಡೆ ಜವಾನ ಇಲ್ಲ. ಸಂಡಾಸು ತೊಳೆಯಲು ನೇಮಕವಾದ ಮನುಷ್ಯನೂ ಇಲ್ಲ. ಆದರೂ ಅದು ತೊಳೆದಿರುತ್ತದೆ. ಎಂದ ಮೇಲೆ ಯಾರೋ ತೊಳೆದಿದ್ದಾರೆ. ನಾನು ಕಲಿತ ಸಾಲಿಯಲ್ಲಿ ಹಾಜರಿ ಮುಗಿದ ಮೇಲೆ ಕೆಲಸ ಹಂಚುತ್ತಿದ್ದರು. ಕುಡಿಯುವ ನೀರು ತುಂಬಲು ಒಂದಿಷ್ಟು ಹೆಸರು, ಸಂಡಾಸಿಗೆ ಒಂದಿಷ್ಟು ಹೆಸರು. ಯಾರೂ ಜಾತಿ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಕೊಡ ಹೊತ್ತವರು ಒಂದು ಓಣಿಯವರು, ಬಕೀಟು ಹೊತ್ತವರು ಇನ್ನೊಂದು ಓಣಿಯವರು. ಹಾಗೆ ಹಂಚಿದ ಮಾಸ್ತರು ಕ್ರೂರಿಯಲ್ಲ. ಅವರಿಗೆ ಅದು ಕಾಣುತ್ತಲೇ ಇರಲಿಲ್ಲ. ಮೊದಲ ತರಬೇತಿ ಬೇಕಾದದ್ದು ಆ ಕಣ್ಣಿಗೆ.

ನಮ್ಮ ನೆಲದ ಬಗ್ಗೆ ನಾವು ಬಹಳ ಹೆಮ್ಮೆ ಪಡುತ್ತೇವೆ. ಕನಕದಾಸರ ಬಾಡ ಶಿಗ್ಗಾಂವಿ ತಾಲೂಕಿನದು. ಶರೀಫರ ಶಿಶುನಾಳವೂ ಅಲ್ಲಿಯದೇ. ಸರ್ವಜ್ಞನ ನೆನಪು ಹೊತ್ತ ಅಬಲೂರು, ಮಾಸೂರು ಹಿರೇಕೆರೂರು ಕಡೆಯವು. ಕುಲ ಕೇಳಿದವರಿಗೆ ತಿರುಗಿ ಪ್ರಶ್ನೆ ಹಾಕಿದವರ ನೆಲ ಇದು. ಇದೇ ನೆಲದ ಸವಣೂರಿನಲ್ಲಿ 2010ರ ಜುಲೈಯಲ್ಲಿ ಭಂಗಿ ಸಮುದಾಯದ ಜನ ಪುರಸಭೆಯ ಮುಂದೆ ನಿಂತು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ತಲೆಮಾರುಗಳಿಂದ ಬದುಕಿದ ಜಾಗದಿಂದ ತಮ್ಮನ್ನು ಎಬ್ಬಿಸಬೇಡಿ ಎಂದು ಕೇಳಲು ಅವರಿಗೆ ಬೇರೆ ಭಾಷೆ ಉಳಿದಿರಲಿಲ್ಲ. ಊರು ಎಷ್ಟೋ ವರ್ಷ ಅವರ ತಲೆಯ ಮೇಲೆ ಹೊರಿಸಿದ್ದನ್ನು ಊರಿನ ಕಣ್ಣೆದುರೇ ಸುರಿದು ತೋರಿಸಿದರು. ತಲೆಯ ಮೇಲೆ ಮಲ ಹೊರುವುದನ್ನು ಮಂತ್ರಿ ಬಸವಲಿಂಗಪ್ಪನವರು ಈ ರಾಜ್ಯದಲ್ಲಿ 1970ರ ದಶಕದಲ್ಲೇ ನಿಷೇಧಿಸಿದ್ದರು. 1993ರಲ್ಲಿ ದೇಶದ ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. ಕಾಯ್ದೆ ಬರೆದ ಕಾಗದ ಸವಣೂರಿಗೆ ಬರಲು ಎಷ್ಟು ದೂರ ನಡೆಯಬೇಕಾಯಿತು, ಲೆಕ್ಕ ಹಾಕಿರಿ.

ಅದೇ ಸವಣೂರಿನ ಮಠದ ಆವರಣದಲ್ಲಿ ಶತಮಾನಗಳಷ್ಟು ಹಳೆಯ ದೊಡ್ಡ ಹುಣಸೆ ಮರಗಳಿವೆ. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಉರುಳಿತು. ಬಿದ್ದ ಮರವನ್ನು ಮತ್ತೆ ಎತ್ತಿ ನೆಟ್ಟರು. ಒಳ್ಳೆಯ ಕೆಲಸ, ಮನಸ್ಸು ತುಂಬಿ ಹೇಳುತ್ತೇನೆ. ಆದರೆ ಮರ ಬಿದ್ದರೆ ಓಡಿ ಬರುವುದಷ್ಟೇ ಪರಿಸರ ಪ್ರೀತಿಯಾದರೆ ಅದು ಅರ್ಧ ಪ್ರೀತಿ. ಮನುಷ್ಯನ ಹೊಲಸು ಎಲ್ಲಿಗೆ ಹೋಗುತ್ತದೆ, ಅದನ್ನು ಯಾರು ಎತ್ತುತ್ತಾರೆ ಎಂಬುದೂ ಪರಿಸರದ ಪ್ರಶ್ನೆಯೇ. ನಮ್ಮ ಕೇರಿಗಳಿಗಂತೂ ಅದೇ ಮೊದಲನೆಯ ಪ್ರಶ್ನೆ. 1927ರಲ್ಲಿ ಮಹಾಡದ ಚವದಾರ ಕೆರೆಗೆ ಇಳಿದು ಅಂಬೇಡ್ಕರರು ನೀರು ಕುಡಿದದ್ದನ್ನು ಇತಿಹಾಸದ ಪಾಠದಲ್ಲಿ ಓದಿಸುತ್ತೇವೆ. ಪರಿಸರದ ಪಾಠದಲ್ಲಿ ಯಾಕೆ ಓದಿಸುವುದಿಲ್ಲ?

ಸಾಲಿಯ ಮಾತಿಗೇ ಬರೋಣ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯ ಸುದ್ದಿ ಹೊರಬಿತ್ತು. ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದರು. ಅಮಾನತು, ಬಂಧನ ಎಲ್ಲ ಆದವು. ಓದಿ ಮೇಲೆ ಬರಲೆಂದು ಕಳಿಸಿದ ಮಗನನ್ನು ಸಾಲಿಯೇ ಗುಂಡಿಗೆ ಇಳಿಸಿದರೆ ತಾಯಿ ಇನ್ನೆಲ್ಲಿಗೆ ಕಳಿಸಬೇಕು? ಇಂಥ ಸುದ್ದಿ ಬಂದಾಗಲೆಲ್ಲ “ಎಲ್ಲೋ ಒಂದ್ ಕಡೆ ಆಗೇದ ಬಿಡ್ರಿ” ಅನ್ನುತ್ತೇವೆ. ಗುಂಡಿಗೆ ಇಳಿಸುವುದು ಅಪರೂಪ ಇರಬಹುದು. ಬಕೀಟು ಕೊಡುವುದು ಅಪರೂಪವೇ? ಒಂದರ ಮೆಟ್ಟಿಲ ಮೇಲೇ ಇನ್ನೊಂದು ನಿಂತಿದೆ.

ಇಲ್ಲಿ ಒಬ್ಬ ಪ್ರಾಮಾಣಿಕ ಮಾಸ್ತರು ಎದ್ದು ಕೇಳುತ್ತಾರೆ: “ಹಂಗಾರ ಮಕ್ಕಳು ಕಸ ಹೊಡಿಯೂದs ಬ್ಯಾಡೇನ್ರಿ? 1937ರಾಗ ವಾರ್ಧಾದಾಗ ಗಾಂಧಿ ಕೈಕೆಲಸನs ಶಿಕ್ಷಣದ ನಡುವ ಇಟ್ರು. ಜಪಾನಿನ ಸಾಲಿಯಾಗ ಮಕ್ಕಳs ಕೋಣಿ ಒರಸ್ತಾವ. ದುಡಿಮಿಗೆ ಗೌರವ ಕಲಿಸೂದು ತಪ್ಪೇನು?” ಪ್ರಶ್ನೆ ನ್ಯಾಯವಾದದ್ದು, ಹಾರಿಸಿ ಹೋಗುವಂಥದ್ದಲ್ಲ. ದುಡಿದು ತಿನ್ನುವ ಜನ ನಾವು, ದುಡಿಮೆಯನ್ನು ಹೀಗಳೆಯುವವರಲ್ಲ. ಆದರೆ ದುಡಿಮೆಯ ಗೌರವದ ಉಪದೇಶ ನಮ್ಮ ದೇಶದಲ್ಲಿ ಯಾವಾಗಲೂ ದುಡಿಯುವವನಿಗೇ ಆಗಿದೆ, ಕೂತು ತಿನ್ನುವವನಿಗೆ ಆಗಿಲ್ಲ. ಭಂಗಿಯ ಕೆಲಸವನ್ನು ಪವಿತ್ರವೆಂದು ಹೊಗಳಿದ್ದನ್ನು ಅಂಬೇಡ್ಕರರು ಕಟುವಾಗಿ ಟೀಕಿಸಿದ್ದು ಇದಕ್ಕೇ. ಹೊಗಳಿಕೆಯೂ ಒಂದು ಹಗ್ಗ. ಅದರಿಂದಲೂ ಕಟ್ಟಿಹಾಕಬಹುದು.

ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ನನಗೆ ತಿಳಿದದ್ದು ಇಷ್ಟು: ತನ್ನ ಹೊಲಸನ್ನು ತಾನು ತೊಳೆಯುವುದು ಶಿಕ್ಷಣ. ಇನ್ನೊಬ್ಬರ ಹೊಲಸನ್ನು ಹುಟ್ಟಿದ ತಪ್ಪಿಗೆ ತೊಳೆಯುವುದು ಜಾತಿ. ಎರಡರಲ್ಲೂ ಅದೇ ಕಸಬರಿಗೆ, ಅದೇ ನೀರು. ಹೊರಗಿನಿಂದ ನೋಡಿದವನಿಗೆ ಒಂದೇ ಕಾಣುತ್ತದೆ.

“ಎಲ್ಲಾರಿಗೂ ಪಾಳಿ ಹಚ್ಚಿದರ ಆತಲ್ಲ” ಅಂದರೆ ಅರ್ಧ ಉತ್ತರವಾಯಿತು. ಪಾಳಿ ಸಮನಾದರೂ ಕಸಬರಿಗೆಯ ಭಾರ ಸಮನಲ್ಲ. ಗೌಡರ ಮಗನಿಗೆ ಅದು ಒಂದು ದಿನದ ಪಾಠ. ಪೌರಕಾರ್ಮಿಕರ ಮಗಳಿಗೆ ಅದು ಅಜ್ಜಿಯ ನೆನಪು, ನಾಳಿನ ಭಯ. ಅವಳನ್ನು ಮಾತ್ರ ಬಿಟ್ಟು ಉಳಿದವರಿಗೆ ಪಾಳಿ ಹಚ್ಚಿದರೆ ಅವಳ ಜಾತಿಯನ್ನು ಕರಿಹಲಗೆಯ ಮೇಲೆ ಬರೆದಂತಾಗುತ್ತದೆ. ಹಾಗಾಗಿ ಪಾಳಿ ಮಾಸ್ತರರಿಂದಲೇ ಶುರುವಾಗಲಿ. ಹೆಡ್‌ಮಾಸ್ತರು ಮೊದಲ ದಿನ, ಅಕ್ಕೋರು ಎರಡನೆಯ ದಿನ. ಆಮೇಲೆ ಮಕ್ಕಳು, ಹಾಜರಿಯ ಕ್ರಮದಲ್ಲಿ, ಹುಡುಗ ಹುಡುಗಿ ಎನ್ನದೆ, ತಾವು ಕೂತ ಕೋಣೆ, ತಾವು ಉಂಡ ಜಾಗ. ಸಂಡಾಸು ತೊಳೆಯುವ ಕೆಲಸ ಮಕ್ಕಳದಲ್ಲ. ಅದಕ್ಕೆ ಸರಿಯಾದ ಕೂಲಿ, ಗವಸು, ಬ್ರಶ್ಶು, ನೀರು ಕೊಟ್ಟು ದೊಡ್ಡವರನ್ನು ನೇಮಿಸಬೇಕು, ಆ ಕೆಲಸ ಒಂದೇ ಕೇರಿಗೆ ಹೋಗದಂತೆ ನೋಡಬೇಕು. ಪಂಚಾಯ್ತಿಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ ಇದಕ್ಕೆ ಜಗಳ ಆಡಬೇಕಾಗುತ್ತದೆ. ಆಡೋಣ. ಗುಂಡಿಗಂತೂ ಯಾವ ಮನುಷ್ಯನೂ ಇಳಿಯಬಾರದು.

ಜಗಳದ ಜೊತೆಗೆ ವಿಜ್ಞಾನವೂ ಬೇಕು. ಸಂಡಾಸು ಕಟ್ಟುವ ರೀತಿಯಲ್ಲೇ ಜಾತಿ ಅಡಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಇರಲೇಬೇಕು ಎಂದಿತು. 2014ರಲ್ಲಿ ಒಂದೇ ವರ್ಷದಲ್ಲಿ ಎಲ್ಲ ಸಾಲಿಗೂ ಶೌಚಾಲಯ ಎಂಬ ಘೋಷಣೆ ಬಂತು. ಸರಕಾರಿ ಕಂಪನಿಗಳು ಕಟ್ಟಿಸಿದ ಅಂಥ ಶೌಚಾಲಯಗಳನ್ನು ಮಹಾಲೇಖಪಾಲರು 15 ರಾಜ್ಯಗಳಲ್ಲಿ ಪರೀಕ್ಷಿಸಿ 2020ರಲ್ಲಿ ವರದಿ ಕೊಟ್ಟರು. ನೋಡಿದವುಗಳಲ್ಲಿ ಶೇಕಡಾ 72ರಲ್ಲಿ ಒಳಗೆ ನಳದ ನೀರೇ ಇರಲಿಲ್ಲ. ನೀರಿಲ್ಲದ ಸಂಡಾಸು ತನ್ನ ಭಂಗಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಅದಕ್ಕೇ ತರಬೇತಿಯಲ್ಲಿ ಮಾಸ್ತರರು ಅವಳಿ ಗುಂಡಿಯ ಲೆಕ್ಕ ಕಲಿಯಲಿ. ಎರಡು ಗುಂಡಿ, ಒಂದು ತುಂಬಿದರೆ ಕೊಳವೆಯನ್ನು ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿಟ್ಟ ಗುಂಡಿಯಲ್ಲಿದ್ದದ್ದು ಒಂದೆರಡು ವರ್ಷದಲ್ಲಿ ಕೊಳೆತು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಹಸಿ ಮಲ ಮುಟ್ಟುವ ಮನುಷ್ಯ ಬೇಕಾಗುವುದಿಲ್ಲ. ಗುಂಡಿ ಕುಡಿಯುವ ನೀರಿನ ಬಾವಿ, ಬೋರಿನಿಂದ ದೂರ ಇರಬೇಕು. ಮಳೆನೀರಿನ ಲೆಕ್ಕವನ್ನೂ ಮಕ್ಕಳಿಂದ ಮಾಡಿಸಲಿ: 100 ಚದರ ಮೀಟರ್ ಮಾಳಿಗೆ, ವರ್ಷಕ್ಕೆ 700 ಮಿಲಿಮೀಟರ್ ಮಳೆ ಅಂದರೆ 70,000 ಲೀಟರ್. ಸೋರಿ, ಆರಿ ಹೋದದ್ದು ಬಿಟ್ಟರೂ 50,000 ಲೀಟರ್ ಸಿಕ್ಕೀತು. ಇದು ಗಣಿತ, ಇದೇ ಪರಿಸರ, ಜಾತಿ ವಿನಾಶದ ಸಣ್ಣ ಕೆಲಸವೂ ಇದೇ.

ಕೊನೆಗೆ ಅಡಿಗೆ ಮನೆ. ಬಿಸಿಯೂಟಕ್ಕೆ ಅಡಿಗೆಯವರನ್ನು ನೇಮಿಸುವಾಗ ದಲಿತರಿಗೆ ಆದ್ಯತೆ ಕೊಡಿ ಎಂದು ಸುಪ್ರೀಂ ಕೋರ್ಟು 2004ರ ಏಪ್ರಿಲಿನಲ್ಲಿ ಹೇಳಿತು. ದಲಿತ ತಾಯಿ ಬೇಯಿಸಿದ್ದನ್ನು ಉಣ್ಣಬೇಡಿ ಎಂದು ಮಕ್ಕಳನ್ನು ತಡೆದ ಊರುಗಳು ಇವತ್ತಿಗೂ ಸುದ್ದಿಯಾಗುತ್ತಿವೆ. ಇಲ್ಲಿ ‘ಶುಚಿ’ ಎಂಬ ಮಾತಿನ ಹಿಂದೆ ‘ಮಡಿ’ ಅಡಗಿ ಕೂತಿರುತ್ತದೆ. ಒಂದು ಕೊಳೆ ರೋಗಾಣುವಿನದು, ಸಾಬೂನು ಹಚ್ಚಿದರೆ ಹೋಗುತ್ತದೆ. ಇನ್ನೊಂದು ಕೊಳೆ ನೋಡುವವನ ತಲೆಯೊಳಗಿನದು. ಆರೋಗ್ಯದ ಪಾಠ ಹೇಳುವ ಮಾಸ್ತರು ಈ ಎರಡನ್ನೂ ಬೇರೆ ಮಾಡಿ ತೋರಿಸದಿದ್ದರೆ ಸಾಬೂನಿನ ಹೆಸರಲ್ಲಿ ಮಡಿಯನ್ನೇ ಕಲಿಸಿದಂತೆ. ತೋರಿಸುವುದಕ್ಕೆ ಭಾಷಣ ಬೇಡ. ಆ ತಾಯಿ ಬಡಿಸಿದ ಊಟವನ್ನು ಮಕ್ಕಳ ಸಾಲಿನಲ್ಲಿ ಕೂತು ಮಾಸ್ತರು ದಿನಾಲೂ ಉಂಡರೆ ಸಾಕು.

ಗೆಳೆಯರೇ, ನಿಮ್ಮಲ್ಲಿ ಬಹಳ ಮಂದಿ ಮುಂದಿನ ತಿಂಗಳೋ ಮುಂದಿನ ವರ್ಷವೋ ಇಂಥ ತರಬೇತಿಗೆ ಹೋಗುತ್ತೀರಿ. ಹೋಗಿ ಬರ್ರಿ, ಬೀಜದುಂಡೆ ಮಾಡುವುದನ್ನೂ ಕಲಿತು ಬರ್ರಿ. ಕೊನೆಯ ದಿನ ಪ್ರಮಾಣಪತ್ರ ಕೊಡುವ ಮೊದಲು “ಪ್ರಶ್ನೆ ಏನಾದ್ರೂ ಅದಾವೇನ್ರಿ?” ಎಂದು ಕೇಳುತ್ತಾರೆ. ಆವಾಗ ಎದ್ದು ನಿಂತು ಒಂದು ಮಾತು ಕೇಳಿರಿ: ಸಾಹೇಬ್ರ, ಇಷ್ಟೂ ದಿನ ನಾವು ಕುಡಿದ ಚಹಾದ ಕಪ್ಪು ಎತ್ತಿದವರು, ನಾವು ಹೋಗಿ ಬಂದ ಸಂಡಾಸು ತೊಳೆದವರು ಯಾರು? ಅವರ ಹೆಸರೇನು, ಅವರಿಗೆ ಕೂಲಿ ಎಷ್ಟು ಕೊಟ್ರಿ?