ಅಗಲಿದವರನ್ನು ಹೇಗೆ ನೆನೆಯೋಣ?

ನವೆಂಬರ್ ತಿಂಗಳು ಬಂದೊಡನೆ ನಾವು ನಮ್ಮ ಮನೆಗಳಿಂದ ಅಗಲಿದವರನ್ನು ನೆನೆಯುತ್ತೇವೆ. ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿರಿಸಿ, ಮೇಣದಬತ್ತಿ ಹಚ್ಚಿ, ಅವರ ಹೆಸರಿನಲ್ಲಿ ಬಲಿಪೂಜೆ ಅರ್ಪಿಸುತ್ತೇವೆ. ಬಾಳಿನುದ್ದಕ್ಕೂ ಒಳಿತನ್ನೇ ಮಾಡಿದವರನ್ನು ನೆನೆಯುವುದು ಸುಲಭ. ಆದರೆ ಅನೇಕ ಕುಟುಂಬಗಳಲ್ಲಿ, ಹೆಸರೆತ್ತಿದೊಡನೆ ಎಲ್ಲರೂ ಒಂದು ಕ್ಷಣ ಮೌನವಾಗುವಂಥ ಒಬ್ಬರಿರುತ್ತಾರೆ. ಅವರು ಕೆಟ್ಟವರಲ್ಲ, ಮೃದುಹೃದಯದವರೇ. ಆದರೆ ಅವರ ಕುಡಿತವೋ, ಮನೋವ್ಯಾಧಿಯೋ, ಅಂಕೆಯಿಲ್ಲದ ಕೋಪವೋ ಮನೆಯವರನ್ನು ವರ್ಷಗಟ್ಟಲೆ ನೋಯಿಸಿರುತ್ತದೆ. ಅಂಥವರನ್ನು ನಾವು ಹೇಗೆ ನೆನೆಯಬೇಕು? ಒಳ್ಳೆಯದನ್ನಷ್ಟೇ ಹೇಳಿದರೆ ಅದು ಸುಳ್ಳಾಗುವುದಿಲ್ಲವೇ? ನೋವನ್ನೂ ಹೇಳಿದರೆ ಸತ್ತವರಿಗೆ ಅಪಚಾರವಾಗುವುದಿಲ್ಲವೇ?

ಇದು ನನಗೆ ಕೇವಲ ನೀತಿಶಾಸ್ತ್ರದ ಪ್ರಶ್ನೆಯಲ್ಲ. ನನ್ನ ಚಿಕ್ಕಪ್ಪ ಕಾಡುಗೋಡಿಯಲ್ಲಿ ಬಾಳಿ 2012ರಲ್ಲಿ ಅಲ್ಲಿಯೇ ತೀರಿಕೊಂಡವರು. 2023ರ ಮಾರ್ಚಿನಲ್ಲಿ ಅಲ್ಲಿಗೆ ಮೆಟ್ರೊ ಬಂದಿತು. ಇಂದು ಕಾಡುಗೋಡಿ ಎಂದರೆ ಐ.ಟಿ. ಉದ್ಯೋಗಿಗಳ ದಟ್ಟಣೆಯೇ ಕಣ್ಣಿಗೆ ಕಟ್ಟುತ್ತದೆ. ಚಿಕ್ಕಪ್ಪನವರ ಯೌವನದ ಕಾಡುಗೋಡಿ ಬೇರೆಯೇ ಆಗಿತ್ತು. ಮೈಸೂರು ಅರಸರು ನೀಡಿದ ಭೂಮಿಯಲ್ಲಿ 1882ರಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ಆರಂಭವಾದ ವೈಟ್‌ಫೀಲ್ಡ್ ವಸಾಹತಿನ ನೆರೆಯ ಹಳ್ಳಿ ಅದು. ವೈಟ್‌ಫೀಲ್ಡ್ ಎಂಬ ಹೆಸರಿನ ರೈಲು ನಿಲ್ದಾಣವಿರುವುದೂ ಕಾಡುಗೋಡಿಯಲ್ಲೇ. ಆ ನಿಲ್ದಾಣದ ಸುತ್ತಮುತ್ತ ಲಾರಿಗಳಿಗೆ ಸರಕು ಹೇರುವುದು ಚಿಕ್ಕಪ್ಪನವರ ಜೀವನೋಪಾಯವಾಗಿತ್ತು. ಹೊಲ ತೋಟಗಳು ಬಡಾವಣೆಗಳಾದಂತೆ ದನಗಳಿಗೆ ಮೇಯುವ ಜಾಗ ಇಲ್ಲವಾಯಿತು; ಮನೆ ಮಾರಿ ಹೋದವರು ಬಿಟ್ಟುಹೋದ ನಾಯಿಗಳು ಬೀದಿಗೆ ಬಿದ್ದವು. ಆ ಮೂಕಜೀವಿಗಳೇ ಅವರ ಬಳಗ. ಸಂಜೆ ಕೋಳಿ ಅಂಗಡಿಯಿಂದ ಉಳಿದ ಚೂರುಗಳನ್ನು ಬೇಡಿ ತಂದು, ಅಕ್ಕಿ ನುಚ್ಚು, ಅರಿಸಿನ ಹಾಕಿ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿ, ಬೀದಿ ಬೀದಿಗೆ ಹೊತ್ತೊಯ್ದು ಹಂಚುತ್ತಿದ್ದರು. ಹುಳುಬಿದ್ದ ಗಾಯದ ಎಮ್ಮೆಯ ಪಕ್ಕದಲ್ಲಿ ಬೇವಿನೆಣ್ಣೆಯ ಬಟ್ಟಲು ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದರು.

ಅದೇ ಕೈಗಳ ಇನ್ನೊಂದು ಕಥೆಯೂ ಇದೆ. ಶನಿವಾರದ ಕೂಲಿ ಮನೆ ಸೇರುವ ಮೊದಲೇ ಸಾರಾಯಿ ಅಂಗಡಿಯಲ್ಲಿ ಕರಗುತ್ತಿತ್ತು. 2007ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಮನೆಯವರು ನಿಟ್ಟುಸಿರು ಬಿಟ್ಟರು. ಆದರೆ ಸಾರಾಯಿ ಹೋಯಿತೇ ಹೊರತು ದಾಹ ಹೋಗಲಿಲ್ಲ, ಅವರ ಕಾಲುಗಳು ಬಾರಿನ ಕಡೆಗೆ ತಿರುಗಿದವು. ಮಕ್ಕಳ ಶಾಲಾ ಶುಲ್ಕಕ್ಕಾಗಿ ಚಿಕ್ಕಮ್ಮ ಕಿವಿಯೋಲೆಗಳನ್ನು ಅಡವಿಟ್ಟರು. ಕುಡಿದಾಗ ಚಿಕ್ಕಪ್ಪ ಹೆಂಡತಿ ಮಕ್ಕಳ ಮೇಲೆ ಕೈ ಎತ್ತಿದ್ದುಂಟು. ನಾಯಿಗಳ ಮೇಲೆ ಎಂದೂ ಎತ್ತಲಿಲ್ಲ.

ಅವರ ಪುಣ್ಯಸ್ಮರಣೆಯ ದಿನ ಬಂಧುಗಳೆಲ್ಲ ಅವರ ಜೀವದಯೆಯನ್ನು ಕೊಂಡಾಡುತ್ತಿದ್ದಾಗ ಅವರ ಮಗ ನನ್ನ ಬಳಿ ಮೆಲ್ಲನೆ ಹೇಳಿದ: "ಅಣ್ಣಾ, ಅಪ್ಪ ನಾಯಿಗಳಿಗೆ ಹಾಕಿದ ಅನ್ನದಲ್ಲಿ ನಮ್ಮ ಪಾಲೂ ಇತ್ತು." ಈ ಮಾತನ್ನು ದಾಟಿ ಹೋಗುವ ಯಾವ ಸ್ಮರಣೆಯೂ ನ್ಯಾಯವಾದುದಲ್ಲ ಎಂದು ನಾನು ನಂಬುತ್ತೇನೆ.

ಪ್ರಾಣಿಗಳಿಗೆ ಕರುಣೆ ತೋರುವವನು ಮನುಷ್ಯರಿಗೆ ಕರುಣೆ ತೋರಲು ಹೆಚ್ಚು ಸಿದ್ಧನಾಗುತ್ತಾನೆ ಎಂಬುದು ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರ ವಿಚಾರ. ಐನೂರು ವರ್ಷಗಳ ಅನಂತರ ಜರ್ಮನಿಯ ತತ್ವಜ್ಞಾನಿ ಕಾಂಟ್ ಕೂಡ ಇದಕ್ಕೆ ಸಮೀಪದ ಮಾತನ್ನೇ ಆಡಿದರು. ಹಾಗಿದ್ದರೆ ಬೀದಿಯಲ್ಲಿ ಅಷ್ಟು ಧಾರಾಳವಾಗಿ ಹರಿದ ಕರುಣೆ ಮನೆಯ ಹೊಸ್ತಿಲಲ್ಲಿ ಏಕೆ ಬತ್ತಿತು? ನಾಯಿ ಲೆಕ್ಕ ಕೇಳುವುದಿಲ್ಲ. ನಿನ್ನೆಯ ಕೂಲಿ ಎಲ್ಲಿ ಎನ್ನುವುದಿಲ್ಲ, ಕೊಟ್ಟ ಮಾತನ್ನು ನೆನಪಿಸುವುದಿಲ್ಲ. ಹೆಂಡತಿಯ ಕಣ್ಣಿನಲ್ಲಿ, ಮಕ್ಕಳ ಮೌನದಲ್ಲಿ ತನ್ನ ಸೋಲನ್ನೇ ಕಾಣುವ ಮನುಷ್ಯನಿಗೆ, ಸೋಲನ್ನು ಎತ್ತಿ ತೋರದ ಜೀವಿಯ ಬಳಿ ಪ್ರೀತಿಸುವುದು ಸುಲಭವಾಗುತ್ತದೆ. ನಮ್ಮನ್ನು ಪೂರ್ತಿ ಬಲ್ಲವರನ್ನು ಪ್ರೀತಿಸಲು ಕರುಣೆಯೊಂದೇ ಸಾಲದು. ನಾಚಿಕೆಯನ್ನು ಎದುರಿಸುವ ಧೈರ್ಯವೂ ಬೇಕು. ಚಿಕ್ಕಪ್ಪನವರಿಗೆ ಮೊದಲನೆಯದು ಇತ್ತು, ಎರಡನೆಯದನ್ನು ಕುಡಿತ ತಿಂದುಹಾಕಿತು. ಇದು ಅವರ ನಡತೆಗೆ ವಿವರಣೆಯಾಗಬಲ್ಲುದೇ ಹೊರತು ಸಮರ್ಥನೆಯಾಗಲಾರದು.

ಹಾಗೆಂದು ಅವರ ಜೀವದಯೆ ಬರಿಯ ತೋರಿಕೆಯಾಗಿತ್ತೆಂದು ತಳ್ಳಿಹಾಕಲೂ ಆಗದು. ಲೂಕನ ಶುಭಸಂದೇಶದ 16ನೇ ಅಧ್ಯಾಯದ ಸಾಮತಿಯನ್ನು ನೆನಪಿಸಿಕೊಳ್ಳಿ. ಸಿರಿವಂತನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಬಳಿ ಸುಳಿದದ್ದು ನಾಯಿಗಳು ಮಾತ್ರ. ಯಾರೂ ಮುಟ್ಟದ ಜೀವಿಯನ್ನು, ಪ್ರತಿಫಲವಾಗಲಿ ಹೊಗಳಿಕೆಯಾಗಲಿ ಸಿಗದೆಡೆಯಲ್ಲಿ, ಪ್ರತಿದಿನ ಮುಟ್ಟಿ ಉಪಚರಿಸುವುದು ಸಣ್ಣ ಗುಣವಲ್ಲ. ಮಗನ ಕೋಪವೂ ಅದಕ್ಕೇ ಸಾಕ್ಷಿ. ನೀರಿಲ್ಲದ ಬಾವಿಯ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ನೀರಿದ್ದೂ ತನ್ನ ಕೊಡ ತುಂಬಲಿಲ್ಲವಲ್ಲ ಎಂಬುದೇ ಅವನ ಅಳಲು.

ನಮ್ಮ ನಾಡಿನಲ್ಲಿ ಸ್ಮರಣೆಗೆ ದೊಡ್ಡ ಪರಂಪರೆಯೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನವನ್ನು ಅವಕಾಶವಾದಾಗ ಮಕ್ಕಳಿಗೆ ತೋರಿಸಿರಿ. ಸುಮಾರು ಕ್ರಿ.ಶ. 950ರ ಕಾಲದ ಆ ಕಲ್ಲು ಕಾಳಿ ಎಂಬ ಬೇಟೆನಾಯಿಯ ಸ್ಮಾರಕ. ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಬಹುಮಾನವಾಗಿ ಬೇಡಿ ಪಡೆದ ನಾಯಿ ಅದು. ಕಾಡುಹಂದಿಯೊಡನೆ ಕಾದಾಡಿ, ಅದನ್ನು ಕೊಂದು ತಾನೂ ಮಡಿಯಿತು. ಮಣಲೇರನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟನು. ಸಾವಿರ ವರ್ಷಗಳ ಹಿಂದೆಯೇ ಒಂದು ನಾಯಿಯನ್ನು ಹೆಸರಿಟ್ಟು ನೆನೆದ ನಾಡು ನಮ್ಮದು. ಆದರೆ ವೀರಗಲ್ಲು ಬಾಳಿನ ಒಂದು ಉಜ್ವಲ ಗಳಿಗೆಯನ್ನು ಮಾತ್ರ ಕೆತ್ತುತ್ತದೆ. ಪೊಲೀಸ್ ಠಾಣೆಯ ದಾಖಲೆ ಒಂದು ಕರಾಳ ಗಳಿಗೆಯನ್ನು ಮಾತ್ರ ಬರೆಯುತ್ತದೆ. ಕುಟುಂಬದ ನೆನಪು ಈ ಎರಡರಂತೆಯೂ ಇರಬಾರದು. ಅದು ಜಮಾ-ಖರ್ಚಿನ ಪುಸ್ತಕವೂ ಆಗಬಾರದು. ನೂರು ನಾಯಿಗಳಿಗೆ ಹಾಕಿದ ಅನ್ನ ಮಗುವಿಗೆ ಬಿದ್ದ ಒಂದು ಏಟನ್ನು ಅಳಿಸುವುದಿಲ್ಲ; ಆ ಏಟು ಆ ಅನ್ನವನ್ನು ಸುಳ್ಳಾಗಿಸುವುದೂ ಇಲ್ಲ.

ಧರ್ಮಸಭೆ ತನ್ನ ಸಂತರೊಬ್ಬರನ್ನು ಹೀಗೆಯೇ ನೆನೆಯುತ್ತದೆ. ಚೀನಾದ ಮಾರ್ಕ್ ಜಿ ತಿಯಾನ್‌ಶಿಯಾಂಗ್ ಬಡವರಿಗೆ ಹಣ ಪಡೆಯದೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರು. ಹೊಟ್ಟೆನೋವಿಗೆಂದು ಸೇವಿಸಿದ ಅಫೀಮಿಗೆ ದಾಸರಾದರು. ಮತ್ತೆ ಮತ್ತೆ ಬೀಳುತ್ತಿದ್ದುದರಿಂದ ಸುಮಾರು ಮೂವತ್ತು ವರ್ಷ ಅವರಿಗೆ ಪರಮಪ್ರಸಾದ ದೊರೆಯಲಿಲ್ಲ. ಆದರೂ ಅವರು ಪ್ರಾರ್ಥನೆ ಬಿಡಲಿಲ್ಲ. 1900ರಲ್ಲಿ ಕುಟುಂಬದವರೊಂದಿಗೆ ರಕ್ತಸಾಕ್ಷಿಯಾದ ಅವರನ್ನು 2000ರ ಅಕ್ಟೋಬರ್ 1ರಂದು ಸಂತರೆಂದು ಘೋಷಿಸಲಾಯಿತು. ಇಂದಿಗೂ ಅವರ ಚರಿತ್ರೆಯನ್ನು ಹೇಳುವಾಗ ಅಫೀಮನ್ನು ಮರೆಮಾಚುವುದಿಲ್ಲ. ಚಿಕ್ಕಪ್ಪನವರು ಸಂತರೆಂದು ನಾನು ಹೇಳುತ್ತಿಲ್ಲ. ಸತ್ಯವನ್ನು ಹೇಳಿಯೂ ಒಬ್ಬರನ್ನು ಗೌರವಿಸಬಹುದೆಂದು ಹೇಳುತ್ತಿದ್ದೇನೆ.

ಆದುದರಿಂದ ಪ್ರಿಯ ವಾಚಕರೇ, ಈ ನವೆಂಬರಿನಲ್ಲಿ ಮನೆಯ ಪ್ರಾರ್ಥನೆಗೆ ಕುಳಿತಾಗ ಅಂಥವರ ಹೆಸರನ್ನು ಬಿಡಬೇಡಿ. ಅವರ ಒಳಿತನ್ನು ಹೇಳಿರಿ. ಅವರಿಂದ ನೊಂದವರು ಮಾತಾಡಬಯಸಿದರೆ ಅವರ ಬಾಯಿ ಮುಚ್ಚಿಸಬೇಡಿ. "ಸತ್ತವರ ಮೇಲೆ ಇನ್ನೇಕೆ ಕೋಪ" ಎಂದು ಗದರಿಸಿ ಕ್ಷಮೆಯನ್ನು ಕಿತ್ತುಕೊಳ್ಳಬೇಡಿ. ಕ್ಷಮೆ ಬಲವಂತದಿಂದ ಬರುವಂಥದ್ದಲ್ಲ, ಅದಕ್ಕೆ ಅದರದೇ ಕಾಲ ಬೇಕು. ಮೊಮ್ಮಕ್ಕಳು ಕೇಳಿದರೆ ಎರಡನ್ನೂ ಹೇಳಿರಿ: ತಾತನವರು ನಾಯಿಗಳನ್ನು ಹೀಗೆ ಸಾಕುತ್ತಿದ್ದರು, ತಾತನವರಿಗೆ ಕುಡಿತದ ಕಾಯಿಲೆಯಿತ್ತು, ಅದರಿಂದ ಅಜ್ಜಿ ಬಹಳ ನೊಂದರು. ಮಕ್ಕಳು ಇದನ್ನು ತಾಳಿಕೊಳ್ಳಬಲ್ಲರು. ಅದೇ ದಾಹ ನಾಳೆ ತಮ್ಮಲ್ಲಿ ತಲೆಯೆತ್ತಿದರೆ ಅದನ್ನು ಗುರುತಿಸಲು ಈ ಸತ್ಯ ಅವರ ನೆರವಿಗೆ ಬರುತ್ತದೆ.

ಅಂಥವರು ಇಂದು ನಿಮ್ಮ ಮನೆಯಲ್ಲಿಯೇ ಬದುಕಿರಬಹುದು. ಅವರ ಸ್ಮರಣೆಗಾಗಿ ಸಾವಿನವರೆಗೆ ಕಾಯಬೇಡಿ. ಮದ್ಯವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಬಹುದು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಬಳಗಗಳು ನಮ್ಮ ನಗರದಲ್ಲಿಯೂ ಸೇರುತ್ತವೆ. ವ್ಯಸನಿಗಳ ಮನೆಯವರಿಗಾಗಿ ಆಲ್-ಅನಾನ್ ಎಂಬ ಬಳಗವಿದೆ. ಕೈ ಎತ್ತುವವರ ಮನೆಯಲ್ಲಿ ಮೊದಲ ಕರ್ತವ್ಯ ಹೆಂಗಸರ ಮತ್ತು ಮಕ್ಕಳ ರಕ್ಷಣೆ. ಆ ಬಳಿಕ, ಅವರಲ್ಲಿ ಇನ್ನೂ ಉಳಿದಿರುವ ಒಳಿತು ಯಾವುದೆಂದು ನೋಡಿರಿ. ನಾಯಿಗೆ ಅನ್ನ ಹಾಕುವ ಕೈಯಾದರೆ ಅದನ್ನು ಹೀಯಾಳಿಸಬೇಡಿ. ಮಾತಿಗೆ ತೊಡಗಲು ನಿಮಗೆ ದೊರೆಯುವ ದಾರಿ ಬಹುಶಃ ಅದೊಂದೇ ಆಗಿರಬಹುದು.

ಚಿಕ್ಕಪ್ಪ ತೀರಿಕೊಂಡ ಮೇಲೆ ಕೆಲವು ವಾರ ಆ ನಾಯಿಗಳು ಸಂಜೆಯಾದೊಡನೆ ಮನೆಯ ಮುಂದೆ ಬಂದು ಕೂರುತ್ತಿದ್ದವು. ಚಿಕ್ಕಮ್ಮ ಗಂಡನನ್ನೂ ನಾಯಿಗಳನ್ನೂ ಬೈಯುತ್ತಲೇ ಅದೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ನುಚ್ಚು ಬೇಯಿಸಿ ಹಾಕಿದರು. ಬೈಗುಳವನ್ನು ಅವರು ನಿಲ್ಲಿಸಲಿಲ್ಲ, ಅನ್ನವನ್ನೂ ನಿಲ್ಲಿಸಲಿಲ್ಲ. ಅಗಲಿದವರನ್ನು ಹೇಗೆ ನೆನೆಯಬೇಕೆಂದು ನನ್ನನ್ನು ಕೇಳುವವರಿಗೆ ನಾನು ಅವರ ವಿಷಯವನ್ನೇ ಹೇಳುತ್ತೇನೆ.