ಯಾರಿಗೂ ಸಲ್ಲದ ಚಿನ್ನ

ಇವಾರ್ ಬೋಲಿಂಗ್ 1889ರಲ್ಲಿ ಫಿನ್ಲೆಂಡಿನ ವಿಪುರಿಯಲ್ಲಿ ಹುಟ್ಟಿದ ಕುಸ್ತಿಪಟು. ಫಿನ್ಲೆಂಡ್ ಆಗ ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದರೂ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ತನ್ನದೇ ತಂಡ ಕಳಿಸಿತ್ತು. ಅಲ್ಲಿ 82.5 ಕಿಲೋ ತೂಕದ ಗ್ರೀಕೋ-ರೋಮನ್ ವಿಭಾಗದ ಕೊನೆಯ ಸೆಣಸಿನಲ್ಲಿ ಈತನಿಗೆ ಎದುರಾದವನು ಸ್ವೀಡನ್ನಿನ ಆಂಡರ್ಸ್ ಆಲ್‌ಗ್ರೇನ್. ಈ ಕುಸ್ತಿಯಲ್ಲಿ ಸೊಂಟದ ಕೆಳಗೆ ಪಟ್ಟು ಹಾಕುವಂತಿಲ್ಲ. ಒಂಬತ್ತು ಗಂಟೆ ಕಳೆದರೂ ಇಬ್ಬರಲ್ಲಿ ಯಾರೂ ಚಿತ್ ಆಗಲಿಲ್ಲ. ತೀರ್ಪುಗಾರರು ಪಂದ್ಯ ನಿಲ್ಲಿಸಿದರು. ಎದುರಾಳಿಯನ್ನು ಸೋಲಿಸಿದವನಿಗೆ ಮಾತ್ರ ಮೊದಲ ಸ್ಥಾನ ಎಂಬ ನಿಯಮವಿದ್ದುದರಿಂದ ಇಬ್ಬರಿಗೂ ಬೆಳ್ಳಿ ಸಂದಿತು, ಚಿನ್ನ ಯಾರಿಗೂ ಸಲ್ಲಲಿಲ್ಲ.

ಗೆದ್ದವನೇ ಇಲ್ಲದಿದ್ದಾಗ ಗೆಲುವಿನ ಪದಕ ಯಾರದು? ಪ್ರಾಚೀನ ಗ್ರೀಕರು ಇದಕ್ಕೆ ಉತ್ತರ ಕಂಡುಕೊಂಡಿದ್ದರು: ಪಂದ್ಯ ಸಮನಾದರೆ ಕಿರೀಟ ದೇವರಿಗೆ. ಒಲಿಂಪಿಯಾದ ಕ್ರೀಡೆಗಳು ಜ್ಯೂಸ್ ದೇವರ ಉತ್ಸವದ ಅಂಗವಾಗಿದ್ದವು. ಕಿರೀಟ ಕಟ್ಟುತ್ತಿದ್ದುದೂ ಅಲ್ಲಿನ ಪವಿತ್ರ ಆಲಿವ್ ಮರದ ರೆಂಬೆಯಿಂದಲೇ. ಅದು ಮೊದಲಿಗೇ ದೇವರದು, ಗೆದ್ದವನು ಅದನ್ನು ಪ್ರಸಾದದಂತೆ ಪಡೆಯುತ್ತಿದ್ದ. ಪಡೆಯುವವರಿಲ್ಲದಾಗ ಅದು ಬಂದಲ್ಲಿಗೇ ಮರಳುತ್ತಿತ್ತು. ರೋಮನ್ನರ ಕಾಲದಲ್ಲಿ ಟೈಬೀರಿಯಸ್ ಕ್ಲಾಡಿಯಸ್ ರೂಫಸ್ ಎಂಬ ಮಲ್ಲ ಕತ್ತಲಾಗುವವರೆಗೂ ಸೆಣಸಿ ಸಮಬಲ ಸಾಧಿಸಿದಾಗ, ಗೆಲ್ಲದಿದ್ದರೂ ಒಲಿಂಪಿಯಾದಲ್ಲಿ ಅವನನ್ನು ಶಾಸನ ಬರೆಸಿ ಗೌರವಿಸಿದರು.

ಸ್ಟಾಕ್‌ಹೋಮಿನಲ್ಲಿ ಗ್ರೀಕರ ಹೆಸರಿತ್ತು, ದೇವರಿರಲಿಲ್ಲ. ಚಿನ್ನಕ್ಕೆ ಮರಳಲು ತಾಣವೇ ಉಳಿದಿರಲಿಲ್ಲ. ಇಲ್ಲದ ಗೆಲುವನ್ನು ಒಬ್ಬನ ತಲೆಗೆ ಕಟ್ಟದೆ ತೀರ್ಪುಗಾರರು ಸತ್ಯಕ್ಕೆ ನಿಷ್ಠರಾದರು, ನಿಜ. ಆದರೆ ಇಬ್ಬರನ್ನೂ ಎರಡನೆಯವರೆಂದದ್ದು ಸತ್ಯವಲ್ಲ. ಮುಂದೆ ಒಬ್ಬನಿಲ್ಲದೆ ಎರಡನೆಯವನಿರುವುದು ಹೇಗೆ?

ಅರಿಸ್ಟಾಟಲ್ ಕ್ರಿಯೆಗಳಲ್ಲಿ ಎರಡು ಬಗೆ ಗುರುತಿಸುತ್ತಾನೆ. ಮನೆ ಕಟ್ಟುವ ಕೆಲಸಕ್ಕೆ ಗುರಿ ಹೊರಗಿದೆ, ಮನೆ ಎದ್ದು ನಿಲ್ಲುವವರೆಗೆ ಅದು ಅಪೂರ್ಣ. ನೋಡುವುದು ಹಾಗಲ್ಲ, ನೋಡುವ ಪ್ರತಿ ಗಳಿಗೆಯಲ್ಲೂ ಅದು ಪೂರ್ಣ. ಬೋಲಿಂಗನ ಒಂಬತ್ತು ಗಂಟೆಗಳನ್ನು ಎರಡನೆಯ ಬಗೆಗೆ ಸೇರಿಸಿದರೆ ಸಮಾಧಾನವೇನೋ ಸಿಗುತ್ತದೆ. ಆದರೆ ಅವನು ಅಖಾಡಕ್ಕೆ ಇಳಿದದ್ದು ಗೆಲ್ಲಲು. ಆ ಆಸೆಯನ್ನು ಅಳಿಸಿಹಾಕಿ ಅವನ ದುಡಿಮೆಯನ್ನು ಹೊಗಳುವುದು ಅನ್ಯಾಯ. ಗ್ರೀಕರ ಅರ್ಪಣೆಯಲ್ಲಿ ಎರಡಕ್ಕೂ ಜಾಗವಿತ್ತು: ಬಯಸಿದ್ದು ಕೈಗೆ ಬರಲಿಲ್ಲವೆಂಬುದಕ್ಕೂ, ಪಟ್ಟ ಪಾಡು ಪೂಜೆಗೆ ಸಲ್ಲುವಷ್ಟು ದೊಡ್ಡದೆಂಬುದಕ್ಕೂ.

ಗೆದ್ದರೂ ಚಿನ್ನ ದಕ್ಕದವನೂ ಇದ್ದ: ಅದೇ ಕೂಟದಲ್ಲಿ ಮತ್ತೊಬ್ಬ ಫಿನ್ನಿಷ್ ಮಲ್ಲ ಆಲ್ಫ್ರೆಡ್ ಅಸಿಕೈನೆನ್ 11 ಗಂಟೆ 40 ನಿಮಿಷ ಸೆಣಸಿ ಮಾರ್ಟಿನ್ ಕ್ಲೈನ್‌ಗೆ ಸೋತ. ಗೆದ್ದ ಕ್ಲೈನ್ ದಣಿವಿನಿಂದ ಚಿನ್ನಕ್ಕಾಗಿ ಸೆಣಸಲೇ ಇಲ್ಲ.

ಬೋಲಿಂಗ್ 1929ರಲ್ಲಿ, ನಲವತ್ತು ತುಂಬುವ ಮೊದಲೇ, ವಿಪುರಿಯಲ್ಲೇ ತೀರಿಕೊಂಡ. 1912ರ ಆ ವಿಭಾಗದ ಮೊದಲ ಸ್ಥಾನ ಒಲಿಂಪಿಕ್ಸ್ ದಾಖಲೆಗಳಲ್ಲಿ ಇಂದಿಗೂ ಖಾಲಿಯಿದೆ.